ಮಣ್ಣು, ಬೆಂಕಿ ಮತ್ತು ಕ್ರೈಸ್ತರ ಶವಸಂಸ್ಕಾರ

ಕ್ರೈಸ್ತರು ತಮ್ಮ ಮೃತರನ್ನು ಹೂಳುತ್ತಾರೆ, ಸುಡುವುದು ಅವರ ಧರ್ಮಕ್ಕೆ ನಿಷಿದ್ಧ ಎಂಬುದು ಭಾರತದಲ್ಲಿ ಬಹುಮಂದಿ ಪ್ರಶ್ನಿಸದೆ ಒಪ್ಪಿಕೊಂಡಿರುವ ತಿಳಿವಳಿಕೆ. ಕ್ರೈಸ್ತರಲ್ಲಿಯೇ ಹಿರಿಯ ತಲೆಮಾರಿನ ಅನೇಕರು ಇಂದಿಗೂ ಹಾಗೆಯೇ ನಂಬಿದ್ದಾರೆ. ಈ ತಿಳಿವಳಿಕೆಯ ಮೊದಲರ್ಧ ಇತಿಹಾಸದ ಬಹುಭಾಗಕ್ಕೆ ಸಲ್ಲುತ್ತದೆ, ಎರಡನೆಯ ಅರ್ಧ ಅಷ್ಟು ಸರಳವಾಗಿ ಸಲ್ಲುವುದಿಲ್ಲ. ಜಗತ್ತಿನ ಅತಿ ದೊಡ್ಡ ಕ್ರೈಸ್ತ ಪಂಗಡವಾದ ಕಥೋಲಿಕ ಧರ್ಮಸಭೆಯು ಶವದಹನವನ್ನು ತನ್ನ ಎಲ್ಲ ಸದಸ್ಯರಿಗೂ ಅನ್ವಯಿಸುವಂತೆ ನಿಷೇಧಿಸಿದ್ದು 1886ರಲ್ಲಿ, ಆ ನಿಷೇಧವನ್ನು ಸಡಿಲಿಸಿದ್ದು 1963ರಲ್ಲಿ. ಅಂದರೆ ಎರಡು ಸಾವಿರ ವರ್ಷಗಳ ಬಾಳಿನಲ್ಲಿ ಅಂಥ ನಿಷೇಧ ಪೂರ್ಣಬಲದಿಂದ ಜಾರಿಯಲ್ಲಿದ್ದದ್ದು ಎಂಬತ್ತು ವರ್ಷಕ್ಕೂ ಕಡಿಮೆ ಕಾಲ. ಅದಕ್ಕೆ ಮುಂಚೆ ಹೂಳುವುದು ಪ್ರಶ್ನೆಯೇ ಏಳದಷ್ಟು ಗಟ್ಟಿಯಾದ ರೂಢಿಯಾಗಿತ್ತು, ಅದರ ನಂತರ ಅದು ಧರ್ಮಸಭೆಯ ಹಂಬಲವಾಗಿ, ಶಿಫಾರಸಾಗಿ ಉಳಿದಿದೆ. ಈ ದೀರ್ಘ ಚರ್ಚೆಯನ್ನು ಬುಡದಿಂದ ಪರಿಶೀಲಿಸಿದರೆ, ಬೆಂಕಿಯ ಬಗೆಗಿನ ಅಂಜಿಕೆಗಿಂತಲೂ ಮೃತರಿಗೆ ಬದುಕಿರುವವರ ನಡುವೆ ಹೆಸರುಳ್ಳ ಒಂದು ನೆಲೆ ಇರಬೇಕೆಂಬ ಹಟವೇ ಅದನ್ನು ನಡೆಸಿಕೊಂಡು ಬಂದಿರುವುದು ಕಾಣುತ್ತದೆ.

ಶವವನ್ನು ಹೂಳಲೇಬೇಕು ಅಥವಾ ಸುಡಲೇಬಾರದು ಎಂದು ಎಲ್ಲರಿಗೂ ಅನ್ವಯಿಸುವ ಆಜ್ಞೆ ಬೈಬಲ್‌ನಲ್ಲಿ ಎಲ್ಲಿಯೂ ಇಲ್ಲ. ಇರುವುದು ಯೆಹೂದ್ಯರ ರೂಢಿಯ ಚಿತ್ರ, ಮತ್ತು ಆ ರೂಢಿ ಬಹುಮಟ್ಟಿಗೆ ಹೂಳುವುದೇ. ಆದಿಕಾಂಡದ 23ನೆಯ ಅಧ್ಯಾಯದಲ್ಲಿ ಅಬ್ರಹಾಮನು ತನ್ನ ಹೆಂಡತಿ ಸಾರಳನ್ನು ಹೂಳುವುದಕ್ಕಾಗಿ ಮಕ್ಪೇಲದ ಗವಿಯನ್ನೂ ಅದರ ಹೊಲವನ್ನೂ 400 ಶೆಕೆಲ್ ಬೆಳ್ಳಿ ತೂಗಿಕೊಟ್ಟು ಕೊಳ್ಳುತ್ತಾನೆ. ಕಾನಾನ್ ನಾಡಿನಲ್ಲಿ ಪರದೇಶಿಯಾಗಿ ಬಾಳುತ್ತಿದ್ದ ಅವನು ತನ್ನದೆಂದು ಕೊಂಡ ಮೊದಲ ನೆಲ ಸಮಾಧಿಯ ನೆಲವಾಗಿತ್ತೆಂಬುದು ಮುಂದಿನ ಚರ್ಚೆಗೆಲ್ಲ ಮುಖ್ಯವಾಗುವ ಸಂಗತಿ. ಬೆಂಕಿಯ ಪ್ರಸ್ತಾಪವೂ ಈ ಗ್ರಂಥದಲ್ಲಿ ಇದೆ. ರಾಜ ಸೌಲ ಮತ್ತು ಅವನ ಮಕ್ಕಳ ಶವಗಳನ್ನು ಫಿಲಿಷ್ಟಿಯರು ಊರಗೋಡೆಗೆ ತೂಗುಹಾಕಿದಾಗ ಯಾಬೇಷ್ ಗಿಲ್ಯಾದಿನ ಶೂರರು ರಾತ್ರಿಯೆಲ್ಲ ನಡೆದುಹೋಗಿ, ಅವುಗಳನ್ನು ಇಳಿಸಿ ತಂದು ಸುಟ್ಟು, ಎಲುಬುಗಳನ್ನು ಮರದ ಕೆಳಗೆ ಹೂಳುತ್ತಾರೆ. ಮುಂದೆ ದಾವೀದನು ಇದಕ್ಕಾಗಿ ಆ ಜನರನ್ನು ಹರಸುತ್ತಾನೆ. ಎದೋಮಿನ ಅರಸನ ಎಲುಬುಗಳನ್ನು ಸುಟ್ಟು ಸುಣ್ಣ ಮಾಡಿದ ಮೋವಾಬ್ ನಾಡನ್ನಾದರೋ ಪ್ರವಾದಿ ಆಮೋಸ ಉಗ್ರವಾಗಿ ಖಂಡಿಸುತ್ತಾನೆ. ಎರಡೂ ಕಡೆ ಬೆಂಕಿ ಒಂದೇ, ಆದರೆ ಒಂದು ಕಡೆ ಅದು ಶವಕ್ಕೆ ಆಗಿದ್ದ ಅವಮಾನವನ್ನು ಕೊನೆಗಾಣಿಸಿತು, ಇನ್ನೊಂದು ಕಡೆ ಅದೇ ಅವಮಾನದ ಸಾಧನವಾಯಿತು.

ಹೊಸ ಒಡಂಬಡಿಕೆಯಲ್ಲಿ ಈ ರೂಢಿಗೆ ಆಳವಾದ ಅರ್ಥವೊಂದು ಕೂಡಿಕೊಂಡಿತು. ಶಿಲುಬೆಗೇರಿಸಲ್ಪಟ್ಟ ಯೇಸುವಿನ ದೇಹವನ್ನು ಅರಿಮಥಾಯದ ಯೋಸೇಫನು ರೋಮನ್ ಅಧಿಪತಿ ಪಿಲಾತನಿಂದ ಬೇಡಿ ಪಡೆದು, ನಾರುಮಡಿಯಲ್ಲಿ ಸುತ್ತಿ, ಸಮಾಧಿಯಲ್ಲಿ ಇರಿಸಿದನೆಂದು ನಾಲ್ಕು ಸುವಾರ್ತೆಗಳೂ ಹೇಳುತ್ತವೆ, ಮತ್ತು ಮೂರನೆಯ ದಿನ ಬರಿದಾಗಿ ಕಂಡ ಆ ಸಮಾಧಿಯೇ ಕ್ರೈಸ್ತ ನಂಬಿಕೆಯ ಆರಂಭಬಿಂದು. ಕಾಲಾಂತ್ಯದಲ್ಲಿ ದೇವರು ಮೃತರನ್ನು ದೇಹಸಹಿತವಾಗಿ ಎಬ್ಬಿಸುವನೆಂಬ ನಂಬಿಕೆಗೆ ಪುನರುತ್ಥಾನವೆಂದು ಹೆಸರು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಆದಿ ಕ್ರೈಸ್ತ ಬೋಧಕ ಪೌಲನು ಇದನ್ನು ವಿವರಿಸಲು ಬೀಜವನ್ನು ಬಿತ್ತುವ ಚಿತ್ರವನ್ನು ಬಳಸಿದನು: ನೆಲಕ್ಕೆ ಬೀಳುವುದು ನಶ್ವರ ದೇಹ, ಮೇಲೇಳುವುದು ಬೇರೊಂದು ಬಗೆಯ ಅವಿನಾಶಿ ದೇಹ. ಇಲ್ಲಿ ಪೌಲನು ಹಳೆಯ ದೇಹದ ಕಣಗಳನ್ನೇ ಹೆಕ್ಕಿ ಜೋಡಿಸುವ ಮಾತನ್ನಾಡಿಲ್ಲವೆಂಬುದನ್ನು ನೆನಪಿಡಬೇಕು. ಆದರೆ ಆ ಚಿತ್ರ ಮಣ್ಣಿಗೆ ಸೇರಿದ್ದಾದ್ದರಿಂದ, ಅದನ್ನು ಮತ್ತೆ ಮತ್ತೆ ಕೇಳಿದ ವಿಶ್ವಾಸಿಗಳಿಗೆ ಹೂಳುವುದೇ ನಂಬಿಕೆಯ ಸಹಜ ರೂಪವಾಗಿ ತೋರಿತು. ಮುಖ ಪೂರ್ವಕ್ಕಿರುವಂತೆ, ಕಾಲುಗಳನ್ನು ಪೂರ್ವದ ಕಡೆಗೆ ಮಾಡಿ ಮಲಗಿಸುವ ಸಂಪ್ರದಾಯ ಅನೇಕ ನಾಡುಗಳಲ್ಲಿ ಬೆಳೆದದ್ದೂ ಕ್ರಿಸ್ತನು ಪೂರ್ವದಿಂದ ಮರಳಿ ಬರುವನೆಂಬ ನಿರೀಕ್ಷೆಯಿಂದಲೇ.

ಈ ನಂಬಿಕೆ ಹರಡಿದ ರೋಮನ್ ಸಾಮ್ರಾಜ್ಯದಲ್ಲಿ, ಅದರಲ್ಲೂ ರೋಮ್ ನಗರದಲ್ಲಿ, ಒಂದನೆಯ ಶತಮಾನದ ಹೊತ್ತಿಗೆ ಸುಡುವುದೇ ಸಾಮಾನ್ಯ ಪದ್ಧತಿಯಾಗಿತ್ತು. ಬೂದಿ ತುಂಬಿದ ಕರಂಡಗಳನ್ನು ಗೋಡೆಯ ಸಾಲುಗೂಡುಗಳಲ್ಲಿ ಇರಿಸುವ ನೆಲಮಾಳಿಗೆಗಳು ಅಲ್ಲಿ ಇಂದಿಗೂ ಉಳಿದಿವೆ. ಎರಡನೆಯ ಮತ್ತು ಮೂರನೆಯ ಶತಮಾನಗಳಲ್ಲಿ ಈ ಪದ್ಧತಿ ಹಿಂದೆ ಸರಿದು ಹೂಳುವ ಪದ್ಧತಿ ಮೇಲುಗೈ ಪಡೆಯಿತು. ಇದನ್ನು ಕ್ರೈಸ್ತಧರ್ಮದ ಗೆಲುವೆಂದು ಬಣ್ಣಿಸುವುದು ವಾಡಿಕೆಯಾದರೂ ಅದು ಸರಿಯಲ್ಲ, ಏಕೆಂದರೆ ಆ ಕಾಲದಲ್ಲಿ ಕ್ರೈಸ್ತರು ಸಣ್ಣ ಅಲ್ಪಸಂಖ್ಯಾತರಾಗಿದ್ದರು, ಕೆತ್ತನೆಯ ಕಲ್ಲಿನ ಶವಪೆಟ್ಟಿಗೆಗಳಿಗೆ ಮನಸೋತವರು ಮೊದಲು ರೋಮನ್ ಸಿರಿವಂತರೇ. ಕ್ರೈಸ್ತರು ಮಾಡಿದ್ದು ಬೇರೆಯದು: ಆಪ್ಪಿಯನ್ ಹೆದ್ದಾರಿಯಂಥ ದಾರಿಗಳ ಬದಿಯಲ್ಲಿ ಮೆದು ಕಲ್ಲಿನ ನೆಲವನ್ನು ಕೊರೆದು, ಸುರಂಗಗಳ ಎರಡೂ ಗೋಡೆಗಳಲ್ಲಿ ಒಂದರ ಮೇಲೊಂದರಂತೆ ಗೂಡುಗಳನ್ನು ಮಾಡಿ, ಬಡವರಿಗೂ ದಾಸರಿಗೂ ಅಲ್ಲಿ ಮಲಗುವ ಸ್ಥಳವನ್ನು ಕೊಟ್ಟರು. ಕೆಟಕೂಂಬ್ ಎಂದು ಕರೆಯಲ್ಪಡುವ ಈ ಸುರಂಗ ಸಮಾಧಿಗಳಲ್ಲಿ ಸಂತ ಕಲಿಸ್ಟಸ್ಸನ ಹೆಸರಿನದು, ಮೂರನೆಯ ಶತಮಾನದ ಅನೇಕ ಪೋಪರ ಸಮಾಧಿಗಳಿರುವ ಕಾರಣ, ವಿಶೇಷ ಪ್ರಸಿದ್ಧ. ಸಮುದಾಯದ ಸಾಮಾನ್ಯ ನಿಧಿಯಿಂದ ಬಡವರ ಶವಸಂಸ್ಕಾರ ನಡೆಯುತ್ತಿತ್ತೆಂದು ತೆರ್ತುಲ್ಲಿಯನ್ ಎಂಬ ಲೇಖಕ ದಾಖಲಿಸಿದ್ದಾನೆ.

ಬೆಂಕಿಯ ಪ್ರಶ್ನೆ ಮೊದಲ ಬಾರಿಗೆ ತೀವ್ರವಾಗಿ ಎದುರಾದದ್ದು ಹಿಂಸೆಯ ಕಾಲದಲ್ಲಿ. 177ರಲ್ಲಿ ಇಂದಿನ ಫ್ರಾನ್ಸಿನ ಲಿಯೊನ್ ನಗರದಲ್ಲಿ ಕೊಲ್ಲಲ್ಪಟ್ಟ ಕ್ರೈಸ್ತರ ಶವಗಳನ್ನು ಆರು ದಿನ ಬಯಲಿನಲ್ಲಿಟ್ಟು, ಬಳಿಕ ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಲಾಯಿತೆಂದು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿರುವ ಪತ್ರವೊಂದು ತಿಳಿಸುತ್ತದೆ. ಮತ್ತೆ ಎದ್ದು ಬರುವ ಭರವಸೆಯೇ ಈ ಜನರ ಧೈರ್ಯದ ಮೂಲವೆಂದು ಅರಿತಿದ್ದ ಹಿಂಸಕರು ಆ ಭರವಸೆಯನ್ನೇ ಸುಟ್ಟುಹಾಕಲು ಹೊರಟಿದ್ದರು. ಆ ಘಟನೆಯಿಂದ ಹುಟ್ಟಬಹುದಾಗಿದ್ದ ತೀರ್ಮಾನವೆಂದರೆ ಬೂದಿಯಾದವರಿಗೆ ಪುನರುತ್ಥಾನವಿಲ್ಲ ಎಂಬುದು. ಆದರೆ ಕ್ರೈಸ್ತರು ಅಂಥ ತೀರ್ಮಾನಕ್ಕೆ ಬರಲಿಲ್ಲ. ಮಿನೂಸಿಯಸ್ ಫೆಲಿಕ್ಸ್ ಎಂಬ ಲತೀನ್ ಲೇಖಕನ ಸಂವಾದರೂಪದ ಕೃತಿಯಲ್ಲಿ ಕ್ರೈಸ್ತ ಪಾತ್ರಧಾರಿಯು, ದೇಹ ಧೂಳಾದರೂ ಬೂದಿಯಾದರೂ ದೇವರ ಕೈಯಿಂದ ಕಳೆದುಹೋಗುವುದಿಲ್ಲ, ಸುಡುವುದರಿಂದ ನಷ್ಟವಾದೀತೆಂಬ ಭಯದಿಂದ ತಾವು ಹೂಳುತ್ತಿಲ್ಲ, ಹೂಳುವುದು ಪುರಾತನವೂ ಮೇಲಾದದ್ದೂ ಆದ ಪದ್ಧತಿಯೆಂಬ ಕಾರಣಕ್ಕೆ ಅನುಸರಿಸುತ್ತಿದ್ದೇವೆ ಎಂದು ಸ್ಪಷ್ಟಪಡಿಸುತ್ತಾನೆ.

ಇದೇ ವಿಚಾರವನ್ನು ಸಂತ ಆಗಸ್ಟೀನ್ ಐದನೆಯ ಶತಮಾನದ ಆರಂಭದಲ್ಲಿ ಇನ್ನಷ್ಟು ಆಳಕ್ಕೆ ಒಯ್ದನು. 410ರಲ್ಲಿ ರೋಮ್ ನಗರ ಗಾಥರ ದಾಳಿಗೆ ತುತ್ತಾಗಿ ಅಸಂಖ್ಯ ಶವಗಳು ಸಂಸ್ಕಾರವಿಲ್ಲದೆ ಬಿದ್ದಿದ್ದಾಗ, ಇದರಿಂದ ಆ ಮೃತರ ಗತಿಗೆ ಯಾವ ಕುಂದೂ ಇಲ್ಲವೆಂದು ತನ್ನ ಮಹಾಗ್ರಂಥ ‘ದೇವನಗರ’ದಲ್ಲಿ ಅವನು ವಾದಿಸಿದನು, ಶವಸಂಸ್ಕಾರದ ಆಡಂಬರ ಸತ್ತವರಿಗೆ ನೆರವಾಗುವುದಕ್ಕಿಂತ ಬದುಕಿರುವವರಿಗೆ ಸಮಾಧಾನ ಕೊಡುತ್ತದೆಂದೂ ಹೇಳಿದನು. ಹಾಗೆಂದ ಮಾತ್ರಕ್ಕೆ ದೇಹವನ್ನು ತುಚ್ಛವಾಗಿ ಬಿಸಾಡಬಹುದೆಂದು ಅವನು ಒಪ್ಪಲಿಲ್ಲ, ಏಕೆಂದರೆ ದೇಹವು ಮನುಷ್ಯ ತೊಟ್ಟು ಬಿಚ್ಚುವ ಹೊರಗಿನ ಅಲಂಕಾರವಲ್ಲ, ಅದು ಮನುಷ್ಯನ ಸ್ವಭಾವಕ್ಕೇ ಸೇರಿದ್ದು ಎಂಬುದು ಅವನ ನಿಲುವು. ನೋಲದ ಬಿಷಪ್ ಪೌಲಿನಸ್ ಕೇಳಿದ ಪ್ರಶ್ನೆಗೆ ಉತ್ತರವಾಗಿ ಮೃತರ ಆರೈಕೆಯ ಕುರಿತೇ ಅವನು ಒಂದು ಪುಟ್ಟ ಗ್ರಂಥವನ್ನು ಬರೆದನು. ಶವಕ್ಕೆ ಏನಾದರೂ ಆತ್ಮಕ್ಕೆ ಹಾನಿಯಿಲ್ಲ, ಆದರೂ ಶವವನ್ನು ಹೇಗೆ ನಡೆಸಿಕೊಳ್ಳುತ್ತೇವೆಂಬುದರಲ್ಲಿ ಬದುಕಿರುವವರ ನಂಬಿಕೆಯೂ ಪ್ರೀತಿಯೂ ವ್ಯಕ್ತವಾಗುತ್ತವೆ ಎಂಬ ಈ ಜೋಡಿ ನಿಲುವೇ ಮುಂದಿನ ಕಥೋಲಿಕ ಬೋಧನೆಯ ತಳಹದಿ. 1963ರ ದಾಖಲೆಯನ್ನು ಓದಿದವರಿಗೆ ಅದರ ಹಿಂದೆ ಆಗಸ್ಟೀನನ ಧ್ವನಿ ಕೇಳಿಸದೆ ಇರದು.

ಈ ಆರೈಕೆ ಎರಡು ದಿಕ್ಕಿನಲ್ಲಿ ಬೆಳೆಯಿತು. ಕಥೋಲಿಕ ಬೈಬಲ್‌ನಲ್ಲಿರುವ ತೋಬಿತನ ಗ್ರಂಥದ ನಾಯಕನು ಅರಸನ ಕೋಪವನ್ನೂ ಲೆಕ್ಕಿಸದೆ ಬೀದಿಯಲ್ಲಿ ಬಿದ್ದ ತನ್ನ ಜನರ ಶವಗಳನ್ನು ಹೂಳುತ್ತಾನೆ. ಹಸಿದವರಿಗೆ ಉಣಿಸುವುದು, ಬೆತ್ತಲೆಯವರಿಗೆ ಉಡಿಸುವುದು ಮೊದಲಾದ ಆರು ಕರುಣೆಯ ಕಾರ್ಯಗಳ ಜೊತೆಗೆ ಏಳನೆಯದಾಗಿ ಮೃತರನ್ನು ಹೂಳುವುದೂ ಸೇರಿದ್ದು ಈ ಮಾದರಿಯಿಂದ. ಇನ್ನೊಂದು ಬದಲಾವಣೆ ಊರಿನ ನಕ್ಷೆಗೆ ಸಂಬಂಧಿಸಿದ್ದು. ಹನ್ನೆರಡು ಫಲಕಗಳೆಂದು ಹೆಸರಾದ ಪ್ರಾಚೀನ ರೋಮನ್ ಕಾನೂನು ನಗರದ ಒಳಗೆ ಶವವನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿತ್ತು, ಏಕೆಂದರೆ ಸತ್ತವರ ಸಾಮೀಪ್ಯ ಮೈಲಿಗೆಯೆನಿಸಿತ್ತು. ಧರ್ಮಕ್ಕಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಎಲುಬುಗಳನ್ನು ಪೂಜಾಪೀಠದ ಕೆಳಗೇ ಇರಿಸಿದ ಕ್ರೈಸ್ತರು ಆ ಗಡಿಯನ್ನು ಅಳಿಸಿ, ಕ್ರಮೇಣ ತಮ್ಮ ಮೃತರನ್ನೆಲ್ಲ ಊರ ನಡುವಿನ ಚರ್ಚಿನ ಅಂಗಳಕ್ಕೆ ತಂದರು. ಭಾನುವಾರದ ಪೂಜೆಗೆ ಹೋಗುವವರು ತಮ್ಮ ಅಜ್ಜ ಮುತ್ತಜ್ಜರ ಗೋರಿಗಳನ್ನು ದಾಟಿಕೊಂಡು ಒಳಗೆ ಹೋಗುವ ವ್ಯವಸ್ಥೆ ಸಾವಿರ ವರ್ಷಕ್ಕೂ ಮಿಕ್ಕಿ ಯುರೋಪಿನಲ್ಲಿ ಉಳಿಯಿತು, ಮತ್ತು ಹೂಳುವುದರ ಪರವಾದ ಯಾವ ತರ್ಕಕ್ಕಿಂತಲೂ ಈ ನಿತ್ಯದ ಸಾಮೀಪ್ಯವೇ ಆ ರೂಢಿಯನ್ನು ಬಲಪಡಿಸಿತು.

ಮಧ್ಯಯುಗದಲ್ಲಿ ಬೆಂಕಿಗೆ ಶಿಕ್ಷೆಯ ಅರ್ಥ ಅಂಟಿಕೊಂಡಿತು. ಎಂಟನೆಯ ಶತಮಾನದ ಕೊನೆಯಲ್ಲಿ ಸ್ಯಾಕ್ಸನ್ನರನ್ನು ಗೆದ್ದ ಫ್ರಾಂಕರ ದೊರೆ ಷಾರ್ಲಮೇನ್, ಹಳೆಯ ಧರ್ಮದ ವಿಧಿಯಂತೆ ಶವ ಸುಡುವವರಿಗೆ ಮರಣದಂಡನೆಯನ್ನು ಗೊತ್ತುಪಡಿಸಿದನು; ಇದು ಭಕ್ತಿಗಿಂತ ಹೆಚ್ಚಾಗಿ ಸೋತ ಜನರ ಗುರುತನ್ನು ಅಳಿಸುವ ರಾಜಕೀಯವಾಗಿತ್ತೆಂದು ನಿಷ್ಠುರವಾಗಿ ಹೇಳಬೇಕು. ಆಕ್ಸ್‌ಫರ್ಡಿನ ಧರ್ಮಪಂಡಿತ ಜಾನ್ ವಿಕ್ಲಿಫ್ 1384ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಬಳಿಕ ಅವನನ್ನು ಧರ್ಮವಿರೋಧಿಯೆಂದು ಸಾರಿ, 1428ರಲ್ಲಿ ಅವನ ಎಲುಬುಗಳನ್ನು ಅಗೆದು ತೆಗೆದು ಸುಟ್ಟು ಬೂದಿಯನ್ನು ಸ್ವಿಫ್ಟ್ ನದಿಗೆ ಎಸೆಯಲಾಯಿತು. ಲಿಯೊನ್‌ನಲ್ಲಿ ರೋಮನ್ನರು ಕ್ರೈಸ್ತರಿಗೆ ಮಾಡಿದ್ದನ್ನು ಧರ್ಮಸಭೆಯೇ ತನ್ನ ಟೀಕಾಕಾರನಿಗೆ ಮಾಡಿದ ಈ ಕೃತ್ಯ ಕ್ರೈಸ್ತ ಇತಿಹಾಸದ ನೋವಿನ ಪುಟಗಳಲ್ಲಿ ಒಂದು. ಸುಡುವುದೆಂದರೆ ಸಮುದಾಯದ ನೆನಪಿನಿಂದ ಹೊರಹಾಕುವುದು ಎಂಬ ಭಾವನೆ ಜನಮನದಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದು ಇದರಿಂದ ತಿಳಿಯುತ್ತದೆ.

ಆಧುನಿಕ ಶವದಹನದ ಚಳವಳಿ ಹುಟ್ಟಿದ್ದು ಕಿಕ್ಕಿರಿದ ನಗರಗಳಲ್ಲಿ. ಚರ್ಚಿನ ಅಂಗಳಗಳು ತುಂಬಿ ತುಳುಕಿ, ಪ್ಯಾರಿಸಿನ ಹಳೆಯ ಸ್ಮಶಾನವೊಂದನ್ನು 1780ರಲ್ಲಿ ಮುಚ್ಚಿ ಅದರ ಎಲುಬುಗಳನ್ನು ನೆಲದಡಿಯ ಹಳೆಯ ಕಲ್ಲುಗಣಿಗಳಿಗೆ ಸಾಗಿಸಬೇಕಾಯಿತು. ಲಂಡನ್ನಿನಲ್ಲಿಯೂ 1850ರ ದಶಕದಲ್ಲಿ ಒಳನಗರದ ಸ್ಮಶಾನಗಳನ್ನು ಕಾನೂನಿನ ಮೂಲಕ ಮುಚ್ಚಲಾಯಿತು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಇಟಲಿಯ ವಿಜ್ಞಾನಿ ಬ್ರುನೆಟ್ಟಿ ಇರಿಸಿದ್ದ ಶವದಹನದ ಕುಲುಮೆಯನ್ನು ನೋಡಿ ಪ್ರಭಾವಿತನಾದ ಇಂಗ್ಲಿಷ್ ಶಸ್ತ್ರವೈದ್ಯ ಹೆನ್ರಿ ಥಾಂಪ್ಸನ್ ಮರುವರ್ಷವೇ ಇಂಗ್ಲೆಂಡಿನ ಶವದಹನ ಸಂಘವನ್ನು ಕಟ್ಟಿದನು. ಪುನರುತ್ಥಾನದ ನಂಬಿಕೆಯನ್ನೇ ಇದು ಸಡಿಲಗೊಳಿಸುತ್ತದೆಂದು ಲಿಂಕನ್ನಿನ ಬಿಷಪ್ ಕ್ರಿಸ್ಟಫರ್ ವರ್ಡ್ಸ್‌ವರ್ತ್ ಅದೇ ವರ್ಷ ಪ್ರವಚನದಲ್ಲಿ ಎಚ್ಚರಿಸಿದನು. 1884ರಲ್ಲಿ ವೇಲ್ಸಿನ ವೈದ್ಯ ವಿಲಿಯಂ ಪ್ರೈಸ್ ತನ್ನ ಹಸುಗೂಸಿನ ಶವವನ್ನು ಸುಡಲು ಯತ್ನಿಸಿ ಮೊಕದ್ದಮೆಗೆ ಒಳಗಾದಾಗ, ಸಾರ್ವಜನಿಕರಿಗೆ ಉಪದ್ರವವಾಗದ ಶವದಹನ ಅಪರಾಧವಲ್ಲವೆಂದು ತೀರ್ಪು ಕೊಟ್ಟವನು ನ್ಯಾಯಾಧೀಶ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವನ್ನು ರೂಪಿಸಿದವನೂ ಅವನೇ. 1885ರಲ್ಲಿ ವೋಕಿಂಗ್‌ನ ಚಿತಾಗಾರದಲ್ಲಿ ಮೊದಲ ಶವದಹನ ನಡೆಯಿತು, 1902ರಲ್ಲಿ ಅದಕ್ಕೊಂದು ಶಾಸನವೂ ಬಂದಿತು.

ಪ್ರೊಟೆಸ್ಟಂಟ್ ಸಭೆಗಳು ಈ ಬದಲಾವಣೆಯನ್ನು ಬೇಗನೆ ಜೀರ್ಣಿಸಿಕೊಂಡವು. ಸತ್ತವರಿಗಾಗಿ ಪ್ರಾರ್ಥಿಸುವುದನ್ನೂ ಸಂತರ ಅವಶೇಷಗಳನ್ನು ಗೌರವಿಸುವುದನ್ನೂ 16ನೆಯ ಶತಮಾನದ ಸುಧಾರಕರು ಕೈಬಿಟ್ಟಿದ್ದರಿಂದ, ಸಮಾಧಿಯ ಸ್ಥಳಕ್ಕೆ ಇದ್ದ ಧಾರ್ಮಿಕ ತೂಕ ಅವರಲ್ಲಿ ಆಗಲೇ ಹಗುರವಾಗಿತ್ತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅಗ್ರ ಧರ್ಮಗುರುವಾಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ 1944ರಲ್ಲಿ ತೀರಿಕೊಂಡಾಗ ಅವನ ದೇಹವನ್ನು ದಹಿಸಿದ್ದು ಜನಸಾಮಾನ್ಯರ ಉಳಿದ ಅಳುಕನ್ನೂ ಕಳೆಯಿತು. ಇಂದು ಬ್ರಿಟನ್ನಿನಲ್ಲಿಯೂ ಲೂಥರನ್ ಸಂಪ್ರದಾಯದ ಸ್ವೀಡನ್ನಿನಲ್ಲಿಯೂ ಬಹುಪಾಲು ಶವಗಳನ್ನು ಸುಡಲಾಗುತ್ತದೆ.

ಇಟಲಿಯಲ್ಲಿ ಕಥೆ ಬೇರೆ. 1870ರಲ್ಲಿ ರೋಮ್ ನಗರವನ್ನು ಹೊಸ ಇಟಲಿಯ ಸೇನೆ ವಶಪಡಿಸಿಕೊಂಡು ಪೋಪರ ರಾಜ್ಯಾಧಿಕಾರ ಕೊನೆಗೊಂಡ ಮೇಲೆ, ಶವದಹನವು ಪಾದ್ರಿಗಳ ಹಿಡಿತದಿಂದ ಸಾವನ್ನೂ ಬಿಡಿಸುವ ಹೋರಾಟದ ಬಾವುಟವಾಯಿತು. 1876ರಲ್ಲಿ ಮಿಲಾನಿನಲ್ಲಿ ಆಲ್ಬರ್ಟೊ ಕೆಲ್ಲರ್ ಎಂಬ ಉದ್ಯಮಿಯ ದೇಹವನ್ನು ಹೊಸ ಚಿತಾಗಾರದಲ್ಲಿ ದಹಿಸಲಾಯಿತು. ಮುಂದೆ ಊರೂರಿನಲ್ಲಿ ಹುಟ್ಟಿದ ಶವದಹನ ಸಂಘಗಳಲ್ಲಿ ಫ್ರೀಮೇಸನ್ನರು, ಅಂದರೆ ಧರ್ಮಸಭೆಯ ಅಧಿಕಾರವನ್ನು ಬಹಿರಂಗವಾಗಿ ಎದುರಿಸುತ್ತಿದ್ದ ಸೋದರಕೂಟದ ಸದಸ್ಯರು, ಮುಂಚೂಣಿಯಲ್ಲಿದ್ದರು. ಪೋಪ್ 13ನೆಯ ಲಿಯೊ ಅವರ ಕಾಲದಲ್ಲಿ, 1886ರ ಮೇ ತಿಂಗಳಲ್ಲಿ, ನಂಬಿಕೆಯ ವಿಷಯಗಳನ್ನು ನೋಡಿಕೊಳ್ಳುವ ರೋಮಿನ ಪವಿತ್ರ ಕಚೇರಿಯು ಅಂಥ ಸಂಘಗಳನ್ನು ಸೇರುವುದನ್ನೂ ತನ್ನ ಅಥವಾ ಇತರರ ಶವವನ್ನು ಸುಡಿಸುವುದನ್ನೂ ನಿಷೇಧಿಸಿತು. 1917ರ ಧರ್ಮಸಭಾ ಸಂಹಿತೆ ಅದನ್ನು ಶಾಶ್ವತ ನಿಯಮವಾಗಿಸಿ, ದಹನವನ್ನು ಬಯಸಿ ಉಯಿಲು ಬರೆದವರಿಗೆ ಚರ್ಚಿನ ಅಂತ್ಯವಿಧಿಗಳನ್ನೇ ನಿರಾಕರಿಸಿತು. ಸುಟ್ಟ ದೇಹವನ್ನು ದೇವರು ಎಬ್ಬಿಸಲಾರನೆಂದು ಈ ದಾಖಲೆಗಳು ಎಲ್ಲಿಯೂ ಹೇಳುವುದಿಲ್ಲ. ಅವುಗಳ ಆತಂಕವೆಲ್ಲ ಆ ಬೆಂಕಿಯನ್ನು ಹಚ್ಚುತ್ತಿದ್ದವರ ಉದ್ದೇಶದ ಮೇಲೆ ಇತ್ತು. ಆದರೂ ಉದ್ದೇಶವನ್ನು ಖಂಡಿಸಬೇಕಾದಲ್ಲಿ ಕ್ರಿಯೆಯನ್ನೇ ನಿಷೇಧಿಸಿದ್ದರಿಂದ, ಯಾವ ವೈರವೂ ಇಲ್ಲದ ಎಷ್ಟೋ ಸಾಮಾನ್ಯ ಕುಟುಂಬಗಳು ಮುಂದಿನ ದಶಕಗಳಲ್ಲಿ ಪ್ರಾರ್ಥನೆಯಿಲ್ಲದೆ ತಮ್ಮವರನ್ನು ಬೀಳ್ಕೊಡುವಂತಾಯಿತು. ಅದು ಅನ್ಯಾಯವೇ ಆಗಿತ್ತು.

ಈ ಅನ್ಯಾಯವನ್ನು ಸರಿಪಡಿಸಿದ್ದು 1963ರ ಆದೇಶ. ದೇಹವನ್ನು ಸುಡುವುದರಿಂದ ಆತ್ಮಕ್ಕೆ ಬಾಧೆಯಿಲ್ಲ, ದೇವರ ಸರ್ವಶಕ್ತಿಗೆ ತಡೆಯೂ ಇಲ್ಲ, ಆದ್ದರಿಂದ ಕ್ರೈಸ್ತ ನಂಬಿಕೆಯನ್ನು ನಿರಾಕರಿಸುವ ಉದ್ದೇಶದಿಂದ ಆಯ್ದುಕೊಂಡ ಹೊರತು ದಹನಕ್ಕಾಗಿ ಯಾರಿಗೂ ಅಂತ್ಯವಿಧಿಯನ್ನು ನಿರಾಕರಿಸಬಾರದು ಎಂದು ಅದು ಹೇಳಿತು. 1983ರ ಸಂಹಿತೆಯ 1176ನೆಯ ನಿಯಮ ಇದನ್ನೇ ಅಡಕವಾಗಿ ಹೇಳುತ್ತದೆ: ಹೂಳುವ ಭಕ್ತಿಯ ರೂಢಿಯನ್ನು ಉಳಿಸಿಕೊಳ್ಳಬೇಕೆಂದು ಧರ್ಮಸಭೆ ಮನಃಪೂರ್ವಕವಾಗಿ ಕೋರುತ್ತದೆ, ದಹನವನ್ನು ತಡೆಯುವುದಿಲ್ಲ.

ತಡೆ ಸರಿದ ಮೇಲೆ ಎದ್ದ ಪ್ರಶ್ನೆ ಬೂದಿಯದು. ಆಗಸ್ಟ್ 15, 2016ರ ದಿನಾಂಕ ಹೊತ್ತು ಅಕ್ಟೋಬರ್‌ನಲ್ಲಿ ಪ್ರಕಟವಾದ ವ್ಯಾಟಿಕನ್ ದಾಖಲೆಯೊಂದು, ಚಿತಾಭಸ್ಮವನ್ನು ಸ್ಮಶಾನದಲ್ಲಿ ಅಥವಾ ಅದಕ್ಕೆಂದೇ ಮೀಸಲಾದ ಪವಿತ್ರ ಸ್ಥಳದಲ್ಲಿ ಇರಿಸಬೇಕೆಂದೂ, ಗಾಳಿಯಲ್ಲಾಗಲಿ ನೆಲದಲ್ಲಾಗಲಿ ನೀರಿನಲ್ಲಾಗಲಿ ಚೆಲ್ಲಬಾರದೆಂದೂ, ವಿಶೇಷ ಸಂದರ್ಭಗಳನ್ನು ಬಿಟ್ಟರೆ ಮನೆಯಲ್ಲಿ ಇಟ್ಟುಕೊಳ್ಳಬಾರದೆಂದೂ, ಮಕ್ಕಳಲ್ಲಿ ಹಂಚಿಕೊಳ್ಳುವುದಾಗಲಿ ಒಡವೆಯೊಳಗೆ ಅಡಗಿಸಿ ತೊಡುವುದಾಗಲಿ ಸಲ್ಲದೆಂದೂ ವಿಧಿಸಿತು. ಕಾವೇರಿಯ ಪಶ್ಚಿಮವಾಹಿನಿಯಲ್ಲಿ ಅಸ್ಥಿ ವಿಸರ್ಜನೆ ಮಾಡಿ ಸಂಸ್ಕಾರ ಪೂರ್ಣವಾಯಿತೆಂದು ಭಾವಿಸುವ ಕನ್ನಡಿಗರಿಗೆ ಈ ಕಟ್ಟುನಿಟ್ಟು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಅಲ್ಲಿ ದೇಹ ಪಂಚಭೂತಗಳಿಗೆ ಮರಳಿ, ಜೀವ ಮುಂದಿನ ದಾರಿಗೆ ಬಿಡುಗಡೆಯಾಗುತ್ತದೆ, ಹಿಂದೆ ಉಳಿಯುವ ಗುರುತು ಬೇಕಿಲ್ಲ. ಇಲ್ಲಿ ಅದೇ ವ್ಯಕ್ತಿ ಅದೇ ಹೆಸರಿನಿಂದ ಎಬ್ಬಿಸಲ್ಪಡುವನೆಂಬ ನಿರೀಕ್ಷೆಯಿರುವುದರಿಂದ ಗುರುತೇ ಮುಖ್ಯವಾಗುತ್ತದೆ. ದಾಖಲೆ ಇನ್ನೊಂದು ಲೌಕಿಕ ಕಾರಣವನ್ನೂ ಕೊಡುತ್ತದೆ, ಮತ್ತು ಅದೇ ಹೆಚ್ಚು ಮನಮುಟ್ಟುವಂಥದ್ದು: ಮನೆಯ ಕಪಾಟಿನಲ್ಲಿರುವ ಬೂದಿಗೆ ಮೊದಲ ತಲೆಮಾರು ಕಳೆದ ಬಳಿಕ ದಿಕ್ಕಿಲ್ಲದಂತಾಗಬಹುದು, ಸಾರ್ವಜನಿಕ ಸ್ಥಳದಲ್ಲಿ ಇರುವುದಾದರೆ ಬಂಧುಗಳಿಲ್ಲದವರಿಗೂ ಇಡೀ ಸಮುದಾಯದ ಪ್ರಾರ್ಥನೆ ಸಿಗುತ್ತದೆ. ಗೋರಿ ಕುಟುಂಬದ ಸ್ವತ್ತೆನ್ನುವ ಭಾವನೆಗೆ ಇದು ಒಳ್ಳೆಯ ಉತ್ತರ.

ಈ ನಿಲುವೂ ಕಲ್ಲಿನಲ್ಲಿ ಕೊರೆದದ್ದಲ್ಲ. ಬೊಲೋನದ ಕಾರ್ಡಿನಲ್ ಮತ್ತೆಯೊ ಜುಪ್ಪಿ ಕೇಳಿದ ಪ್ರಶ್ನೆಗೆ ಡಿಸೆಂಬರ್ 2023ರಲ್ಲಿ ವ್ಯಾಟಿಕನ್‌ನಿಂದ ಬಂದ ಉತ್ತರ ಎರಡು ಅನುಕೂಲಗಳನ್ನು ಒದಗಿಸಿತು: ಪ್ರತಿಯೊಬ್ಬರ ಹೆಸರನ್ನೂ ದಾಖಲಿಸುವುದಾದರೆ ಅನೇಕರ ಬೂದಿಯನ್ನು ಒಂದೇ ಸಾಮಾನ್ಯ ಪವಿತ್ರ ಸ್ಥಳದಲ್ಲಿ ಸೇರಿಸಬಹುದು, ಮತ್ತು ಮೃತರ ಬಾಳಿಗೆ ಮಹತ್ವದ್ದಾಗಿದ್ದ ಸ್ಥಳದಲ್ಲಿ ಬೂದಿಯ ಅತ್ಯಲ್ಪ ಭಾಗವನ್ನು ಇರಿಸಿಕೊಳ್ಳಲು, ತಪ್ಪು ಅರ್ಥಕ್ಕೆ ಎಡೆಯಿಲ್ಲದಿದ್ದಲ್ಲಿ, ಧರ್ಮಾಧಿಕಾರಿಗಳು ಅನುಮತಿ ಕೊಡಬಹುದು. ಬೂದಿಯೊಡನೆ ಬೂದಿ ಬೆರೆತರೂ ಹೆಸರು ಅಳಿಯಬಾರದೆಂಬ ಷರತ್ತಿನಲ್ಲಿ ಇಡೀ ಬೋಧನೆಯ ತಿರುಳಿದೆ.

ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಹೂಳುವ ಪದ್ಧತಿಯಿಂದ ಕದಲಿಲ್ಲ. ಗ್ರೀಸ್ ದೇಶದಲ್ಲಿ ಶವದಹನಕ್ಕೆ ಕಾನೂನಿನ ಒಪ್ಪಿಗೆ 2006ರಲ್ಲಿ ದೊರೆತರೂ ಮೊದಲ ಚಿತಾಗಾರ ರಿತ್ಸೋನದಲ್ಲಿ ತೆರೆದದ್ದು 2019ರಲ್ಲಿ. ಅಲ್ಲಿಯವರೆಗೆ ದಹನ ಬಯಸಿದ ಕುಟುಂಬಗಳು ಶವವನ್ನು ನೆರೆಯ ಬಲ್ಗೇರಿಯಕ್ಕೆ ಒಯ್ಯುತ್ತಿದ್ದವು. ಗ್ರೀಕ್ ಸಭೆ ಇಂದಿಗೂ ಅಂಥವರಿಗೆ ಅಂತ್ಯವಿಧಿಯನ್ನು ನಡೆಸುವುದಿಲ್ಲ. ಅದೇ ಗ್ರೀಸಿನಲ್ಲಿ ಜಾಗದ ಅಭಾವದಿಂದ ಸಾಮಾನ್ಯವಾಗಿ ಮೂರು ವರ್ಷಗಳ ಬಳಿಕ ಗೋರಿಯನ್ನು ತೆರೆದು, ಎಲುಬುಗಳನ್ನು ದ್ರಾಕ್ಷಾರಸದಿಂದ ತೊಳೆದು ಅಸ್ಥಿಮನೆಯಲ್ಲಿ ಇಡುವ ಪದ್ಧತಿಯಿದೆ. ರಷ್ಯಾದಲ್ಲಿ ಈ ಪ್ರಶ್ನೆಗೆ ಬೇರೊಂದು ಗಾಯ ಅಂಟಿದೆ: ದೇವರಿಲ್ಲವೆಂದು ಸಾರಿದ ಬೋಲ್ಶೆವಿಕರು 1927ರಲ್ಲಿ ಮಾಸ್ಕೋದ ಮೊದಲ ಚಿತಾಗಾರವನ್ನು ದೋನ್‌ಸ್ಕೊಯ್ ಮಠದ ಸ್ಮಶಾನದ ಚರ್ಚ್ ಕಟ್ಟಡವನ್ನೇ ಬದಲಾಯಿಸಿ ತೆರೆದರು. ಅಷ್ಟಾದರೂ ರಷ್ಯನ್ ಸಭೆ ದಹನವನ್ನು ಒಪ್ಪದೆಯೇ, ದಹನವಾದವರಿಗೂ ಪ್ರಾರ್ಥನೆಯನ್ನು ನಿರಾಕರಿಸದಿರುವ ಮೃದು ಮಾರ್ಗವನ್ನು ಹಿಡಿದಿದೆ. ಬಹುತೇಕ ಎಲ್ಲ ಶವಗಳನ್ನೂ ಸುಡುವ ಜಪಾನಿನಲ್ಲಿ ಕ್ರೈಸ್ತರೂ ನಾಡಿನ ಪದ್ಧತಿಗೆ ಹೊಂದಿಕೊಂಡಿದ್ದಾರೆ.

ಭಾರತದಲ್ಲಿ ಹೂಳುವುದೆಂದರೆ ಹೊರಗಿನಿಂದ ಬಂದ ರೂಢಿಯೆಂದು ಎಣಿಸುವವರು ಕರ್ನಾಟಕವನ್ನು ನೋಡಬೇಕು. ಲಿಂಗಾಯತರು ತಮ್ಮವರನ್ನು ಕುಳಿತ ಭಂಗಿಯಲ್ಲಿ ಕ್ರಿಯಾಸಮಾಧಿ ಮಾಡುತ್ತಾರೆ, ಸಂನ್ಯಾಸಿಗಳನ್ನೂ ಎಳೆಯ ಮಕ್ಕಳನ್ನೂ ಹೂಳುವುದು ಹಲವು ಹಿಂದೂ ಸಮುದಾಯಗಳಲ್ಲಿ ಇದೆ, ಹಳ್ಳಿಗರ ಬಾಯಲ್ಲಿ ಶವಸಂಸ್ಕಾರಕ್ಕೆ ‘ಮಣ್ಣು ಮಾಡುವುದು’ ಎಂಬ ಮಾತೇ ಸಾಮಾನ್ಯವಾಗಿ ಬರುತ್ತದೆ. ಆದ್ದರಿಂದ ಇಲ್ಲಿನ ಕ್ರೈಸ್ತರ ಸಮಾಧಿಗಳು ನೆರೆಯವರಿಗೆ ಅಪರಿಚಿತವಲ್ಲ. ನವೆಂಬರ್ 2ರಂದು, ಮೃತರೆಲ್ಲರ ಸ್ಮರಣೆಯ ದಿನ, ಕುಟುಂಬಗಳು ಗೋರಿಗಳನ್ನು ತೊಳೆದು ಹೂವು ಮೇಣದಬತ್ತಿಗಳಿಂದ ಸಿಂಗರಿಸುವುದು ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಒಂದೇ ಬಗೆಯಾಗಿ ಕಾಣುತ್ತದೆ. ಆದರೆ ಬೆಂಗಳೂರಿನ ಹೊಸೂರು ರಸ್ತೆ, ಕಲ್ಪಳ್ಳಿ ಮೊದಲಾದ ಹಳೆಯ ಸ್ಮಶಾನಗಳ ಸುತ್ತ ನಗರ ಮುಚ್ಚಿಕೊಂಡಿದೆ. ಹೊಸ ನೆಲ ಸಿಗದೆ ಹಳೆಯ ಗೋರಿಯನ್ನೇ ತೆರೆದು ಅದೇ ಕುಟುಂಬದ ಮತ್ತೊಬ್ಬರನ್ನು ಇರಿಸುವುದು ವಾಡಿಕೆಯಾಗಿದೆ. ಕೆಲವೇ ಚದರ ಅಡಿಗಳ ಗೋಡೆಗೂಡಿನಲ್ಲಿ ಒಂದು ಮನೆತನದ ಹಲವು ತಲೆಮಾರುಗಳ ಚಿತಾಭಸ್ಮವನ್ನು ಹೆಸರಿನೊಡನೆ ಇರಿಸಲು ಸಾಧ್ಯವಿರುವುದರಿಂದ, ಇಂಥ ನಗರಗಳ ಮಟ್ಟಿಗೆ ದಹನ ಕ್ರೈಸ್ತ ಸಂಪ್ರದಾಯದ ವೈರಿಯಾಗುವ ಬದಲು ಅದರ ರಕ್ಷಕನಾಗಬಲ್ಲದು.

ಕೋವಿಡ್ ಕಾಲ ಈ ವಿಚಾರವನ್ನು ಪುಸ್ತಕದಿಂದ ಬೀದಿಗೆ ತಂದಿತು. 2020ರ ಮಾರ್ಚ್ 30ರಂದು ಮುಂಬೈ ಮಹಾನಗರಪಾಲಿಕೆ ಸೋಂಕಿನಿಂದ ಸತ್ತವರನ್ನೆಲ್ಲ ಧರ್ಮಭೇದವಿಲ್ಲದೆ ಸುಡಬೇಕೆಂದು ಹೊರಡಿಸಿದ ಸುತ್ತೋಲೆಯನ್ನು ಅದೇ ದಿನ ಬದಲಿಸಬೇಕಾಯಿತು. ಹೂಳುವುದರಿಂದ ಸೋಂಕು ಹರಡುತ್ತದೆಂಬುದಕ್ಕೆ ಆಧಾರವಿಲ್ಲವೆಂದು ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಏಪ್ರಿಲ್‌ನಲ್ಲಿ ಚೆನ್ನೈನ ವೈದ್ಯರೊಬ್ಬರ ಶವ ಹೊತ್ತು ಬಂದ ವಾಹನದ ಮೇಲೆ ಗುಂಪು ಕಲ್ಲು ತೂರಿದಾಗ ಅವರ ಸಹೋದ್ಯೋಗಿಗಳೇ ರಾತ್ರಿ ಮರಳಿ ಬಂದು ಗುಂಡಿ ಮುಚ್ಚಿದರು. ಕೇರಳದ ಆಲಪ್ಪುಳದಲ್ಲಿ ನೆಲ ಸ್ವಲ್ಪ ಅಗೆದರೆ ನೀರು ಜಿನುಗುವ ಕರಾವಳಿಯಾದ್ದರಿಂದ ನಿಯಮ ಕೇಳುವಷ್ಟು ಆಳದ ಗುಂಡಿ ತೋಡಲು ಆಗುತ್ತಿರಲಿಲ್ಲ. ಅಲ್ಲಿನ ಲತೀನ್ ಧರ್ಮಪ್ರಾಂತ್ಯ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ ಪ್ರದೇಶದ ಸಭೆ, 2020ರ ಜುಲೈನಲ್ಲಿ ಚರ್ಚಿನ ಸ್ಮಶಾನದೊಳಗೇ ದಹನ ನಡೆಸಿ ಬೂದಿಯನ್ನು ಅಲ್ಲಿಯೇ ಹೂಳಲು ತೀರ್ಮಾನಿಸಿತು. ರೋಮಿನಿಂದ ಬಂದ ಸುದೀರ್ಘ ಬೋಧನೆಗಳಿಗಿಂತ ಈ ಕರಾವಳಿಯ ಪಾದ್ರಿಗಳ ನಿರ್ಧಾರ ಸಾಮಾನ್ಯ ವಿಶ್ವಾಸಿಗಳಿಗೆ ಹೆಚ್ಚು ಕಲಿಸಿತು, ಏಕೆಂದರೆ ಬೆಂಕಿಯನ್ನು ಒಪ್ಪಿಕೊಂಡೂ ಅದು ಸ್ಥಳವನ್ನು ಬಿಟ್ಟುಕೊಡಲಿಲ್ಲ.

ಸ್ಥಳವನ್ನೇ ಕಿತ್ತುಕೊಂಡಾಗ ಏನಾಗುತ್ತದೆಂಬುದಕ್ಕೂ ಉದಾಹರಣೆಗಳಿವೆ. ಕೇರಳದಲ್ಲಿ ಸಿರಿಯನ್ ಕ್ರೈಸ್ತರ ಆರ್ಥೊಡಾಕ್ಸ್ ಮತ್ತು ಯಾಕೋಬೈಟ್ ಬಣಗಳ ಆಸ್ತಿ ವ್ಯಾಜ್ಯದಲ್ಲಿ ಶವಗಳು ಸಂಸ್ಕಾರವಿಲ್ಲದೆ ದಿನಗಟ್ಟಲೆ ಕಾಯುವಂತಾಗಿ, ಪೂರ್ವಜರು ಮಲಗಿರುವ ಸ್ಮಶಾನದಲ್ಲಿ ಹೂಳಿಸಿಕೊಳ್ಳುವ ಹಕ್ಕನ್ನು ಕಾಪಾಡಲು ಅಲ್ಲಿನ ಸರ್ಕಾರ 2020ರಲ್ಲಿ ಪ್ರತ್ಯೇಕ ಕಾನೂನು ಮಾಡಬೇಕಾಯಿತು. ಛತ್ತೀಸಗಢದ ಬಸ್ತರ್ ಜಿಲ್ಲೆಯ ಛಿಂದವಾಡ ಎಂಬ ಹಳ್ಳಿಯಲ್ಲಿ 2025ರ ಜನವರಿ 7ರಂದು ತೀರಿಕೊಂಡ ಕ್ರೈಸ್ತ ಬೋಧಕರೊಬ್ಬರನ್ನು ಅವರ ಹಿರಿಯರನ್ನು ಹೂಳಿದ್ದ ಊರ ನೆಲದಲ್ಲಿ ಹೂಳಲು ಹಳ್ಳಿಗರು ಬಿಡಲಿಲ್ಲ, ಹೈಕೋರ್ಟಿನಲ್ಲಿಯೂ ಪರಿಹಾರ ಸಿಗಲಿಲ್ಲ. ಶವ ಸುಮಾರು ಮೂರು ವಾರ ಶವಾಗಾರದಲ್ಲಿಯೇ ಉಳಿಯಿತು. ಜನವರಿ 27ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕನ್ನಡನಾಡಿನವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶವಿರಬೇಕೆಂದರೆ, ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮ ಅವರು ಕ್ರೈಸ್ತರಿಗೆಂದು ಗೊತ್ತುಪಡಿಸಿದ, ಇಪ್ಪತ್ತು ಕಿಲೋಮೀಟರಿಗೂ ದೂರದ ಕರ್ಕಾಪಾಲ್ ಸ್ಮಶಾನವನ್ನೇ ಸೂಚಿಸಿದರು. ಶವ ಇನ್ನೂ ಕಾಯುವಂತಾಗಬಾರದೆಂದು ಪ್ರಕರಣವನ್ನು ದೊಡ್ಡ ಪೀಠಕ್ಕೆ ಒಪ್ಪಿಸದೆ ಇಬ್ಬರೂ ಕರ್ಕಾಪಾಲ್‌ನಲ್ಲಿ ಸಂಸ್ಕಾರ ನಡೆಸಲು ಆದೇಶಿಸಿ, ರಾಜ್ಯದಲ್ಲೆಲ್ಲ ಕ್ರೈಸ್ತರ ಸ್ಮಶಾನಕ್ಕೆ ನೆಲವನ್ನು ಎರಡು ತಿಂಗಳೊಳಗೆ ಗುರುತಿಸಬೇಕೆಂದು ಸರ್ಕಾರಕ್ಕೆ ನಿರ್ದೇಶನ ಕೊಟ್ಟರು. ಆ ನೆಲ ಪ್ರತಿ ಹಳ್ಳಿಯವರಿಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಸಿಗುವ ತನಕ, ಅಲ್ಲಿನ ಕ್ರೈಸ್ತರ ಮಟ್ಟಿಗೆ ಹೂಳಬೇಕೋ ಸುಡಬೇಕೋ ಎಂಬ ಆಯ್ಕೆ ಅವರ ನಂಬಿಕೆಯ ಕೈಯಲ್ಲಿರುವುದಿಲ್ಲ, ನೆರೆಯವರ ಒಪ್ಪಿಗೆಯ ಕೈಯಲ್ಲಿರುತ್ತದೆ.